ಪೊನ್ನಪ್ಪ, ಹೊನ್ನಪ್ಪ ಮತ್ತು ಅಲ್ತಾನ್

ಗಂಡುಮಕ್ಕಳ ಹೆಸರುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಕೊಟ್ಟ ಚಿಕ್ಕದೊಂದು ಉತ್ತರವು ಕೊಡಗಿನ ಓದುಗರನ್ನು ಕೆಣಕಿದಂತಿದೆ. ಬಂದ ಪತ್ರಗಳಲ್ಲಿ ಏಳನ್ನು ಆಯ್ದುಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪೊನ್ನಂಪೇಟೆಯ ಓದುಗರು: ನಮ್ಮ ಮೊಮ್ಮಗನಿಗೆ ಅವನ ಮುತ್ತಜ್ಜನ ಹೆಸರಾದ ಪೊನ್ನಪ್ಪ ಎಂದೇ ಇಡಬೇಕೆಂಬುದು ನನ್ನ ಆಸೆ. ಬೆಂಗಳೂರಿನಲ್ಲಿರುವ ಮಗ ಮತ್ತು ಸೊಸೆ, "ಅದು ಹಳೆಯ ಹೆಸರು, ಅದಕ್ಕೇನು ಅರ್ಥ?" ಎಂದು ಕೇಳುತ್ತಾರೆ. ಏನು ಹೇಳಲಿ?

ಹಳೆಯ ಹೆಸರೆಂಬುದು ನಿಜ. ಎಷ್ಟು ಹಳೆಯದೆಂಬುದನ್ನು ಅವರಿಗೆ ತಿಳಿಸಿರಿ. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಪೊನ್ನು ಎಂದರೆ ಚಿನ್ನ. ಹಳಗನ್ನಡದಲ್ಲಿಯೂ ಅದು ಪೊನ್ ಎಂದೇ ಇತ್ತು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು ಉಭಯಕವಿಚಕ್ರವರ್ತಿ ಎನಿಸಿಕೊಂಡ ಕವಿಯ ಹೆಸರು ಪೊನ್ನ. ಮುಂದೆ ಕನ್ನಡದಲ್ಲಿ ಪದದ ಮೊದಲಿನ ಪಕಾರವು ನಿಧಾನವಾಗಿ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊನ್ ಹೊನ್ನಾಯಿತು. ಬಯಲುಸೀಮೆಯ ಹೊನ್ನಪ್ಪ ಹೀಗೆ ಹುಟ್ಟಿದವನು. ಕೊಡವ ಭಾಷೆ ಮಾತ್ರ ಆ ಪಕಾರವನ್ನು ಬಿಡದೆ ಉಳಿಸಿಕೊಂಡಿತು. ಆದ್ದರಿಂದ ಪೊನ್ನಪ್ಪನೂ ಹೊನ್ನಪ್ಪನೂ ಒಂದೇ ಹೆಸರಿನ ಎರಡು ಉಚ್ಚಾರಗಳು. ಇಬ್ಬರಲ್ಲಿ ತಮ್ಮ ಮೊಮ್ಮಗನ ಮುತ್ತಜ್ಜನದೇ ಕವಿ ಪೊನ್ನನಿಗೆ ಹತ್ತಿರದ್ದು. ಪೂವಯ್ಯ ಮತ್ತು ಹೂವಯ್ಯರ ನಡುವಿನ ಸಂಬಂಧವೂ ಇದೇ.

ಕೊನೆಯ "ಅಪ್ಪ" ಎಂಬುದನ್ನು ತಂದೆ ಎಂದು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಅಪ್ಪ, ಅಯ್ಯ, ಅಣ್ಣ ಎಂಬ ಮೂರೂ ನಮ್ಮ ಹೆಸರುಗಳಲ್ಲಿ ಗೌರವದ ಬಾಲಗಳು. ತೊಟ್ಟಿಲಲ್ಲಿ ಮಲಗಿರುವ ಕೂಸನ್ನೂ ಅಪ್ಪ ಎಂದು ಕರೆಯುವ ಈ ರೂಢಿಯಲ್ಲಿ, ಹಿರಿಯರ ಹೆಸರು ಮರಳಿ ಬಂತೆಂಬ ಸಂತೋಷವೂ ಬೆರೆತಿದೆ. ಬ್ರಿಟನ್ನಿನ ವೇಲ್ಸ್ ಸೀಮೆಯವರ ಹಳೆಯ ಹೆಸರುಗಳಲ್ಲಿಯೂ "ಆಪ್" ಎಂಬುದು ಬರುತ್ತದೆ, ಆದರೆ ಅಲ್ಲಿ ಅದರ ಅರ್ಥ ಮಗ. ಆಪ್ ರೀಸ್, ಅಂದರೆ ರೀಸನ ಮಗ, ಕಾಲಾಂತರದಲ್ಲಿ ಪ್ರೈಸ್ ಎಂಬ ಮನೆತನದ ಹೆಸರಾದ.

ಚಿನ್ನದ ಹೆಸರು ಹಳ್ಳಿಗಾಡಿನದೆಂದು ಸೊಸೆಗೆ ಅನ್ನಿಸಿದರೆ, ಮಂಗೋಲಿಯದ ಅಲ್ತಾನ್ ಖಾನನನ್ನು ನೆನಪಿಸಬಹುದು. ಅಲ್ತಾನ್ ಎಂದರೂ ಚಿನ್ನವೇ. 1578ರಲ್ಲಿ ಟಿಬೆಟ್ಟಿನ ಗುರು ಸೋನಮ್ ಗ್ಯಾತ್ಸೊ ಅವರಿಗೆ ದಲೈ ಲಾಮಾ ಎಂಬ ಬಿರುದನ್ನಿತ್ತ ದೊರೆ ಅವನು. ಬಿರುದಿನ ದಲೈ ಎಂಬ ಮಂಗೋಲಿಯನ್ ಮಾತೂ ಗುರುವಿನ ಹೆಸರಿನಲ್ಲಿದ್ದ ಗ್ಯಾತ್ಸೊ ಎಂಬ ಟಿಬೆಟನ್ ಮಾತೂ ಕಡಲನ್ನೇ ಹೇಳುತ್ತವೆ.

ಬೆಳ್ಳಿಯಪ್ಪ ಎಂಬ ಹೆಸರಿಗೂ ಇಂಥದೇ ದೂರದ ನೆಂಟರಿದ್ದಾರೆ. "ಬೆಳ್" ಎಂದರೆ ಬಿಳುಪು. ಬಿಳಿಯ ಲೋಹವಾದ್ದರಿಂದ ಬೆಳ್ಳಿ. ಸಂಸ್ಕೃತದ ಅರ್ಜುನ ಎಂಬ ಪದದ ಮೂಲಾರ್ಥವೂ ಬಿಳಿಯ, ಹೊಳೆಯುವ ಎಂದೇ, ಮತ್ತು ಲ್ಯಾಟಿನ್ನಿನಲ್ಲಿ ಬೆಳ್ಳಿಗಿರುವ "ಅರ್ಗೆಂತುಮ್" ಎಂಬ ಹೆಸರು ಅದೇ ಬೇರಿನಿಂದ ಚಿಗುರಿದ್ದು. ಅರ್ಜೆಂಟೀನಾ ದೇಶದ ಹೆಸರು ಬಂದದ್ದು ಆ ಲ್ಯಾಟಿನ್ ಪದದಿಂದ. ಸೋಮವಾರಪೇಟೆಯ ಹಾಕಿ ಆಟಗಾರ ಅರ್ಜುನ್ ಹಾಲಪ್ಪ ಅವರ ಹೆಸರನ್ನು ಈ ದೃಷ್ಟಿಯಿಂದ ನೋಡಿದರೆ, ಮೊದಲಿನಿಂದ ಕೊನೆಯವರೆಗೂ ಬಿಳುಪೇ ಕಾಣುತ್ತದೆ.

ಹೆಸರು ಇಬ್ಬರಿಗೂ ಒಪ್ಪಿಗೆಯಾಗದಿದ್ದರೆ, ಹೊಸದೊಂದನ್ನು ಮುಂದಿಟ್ಟು ಹಳೆಯದನ್ನು ಜೊತೆಗಿರಿಸುವ ದಾರಿ ಕೊಡಗಿಗೆ ಹೊಸದಲ್ಲ. 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದವರು ಬೋಪಣ್ಣ ಮಾತ್ರವಲ್ಲ, ರೋಹನ್ ಬೋಪಣ್ಣ.

ಸಿದ್ದಾಪುರದ ಕಾಫಿ ಬೆಳೆಗಾರರು: ನನ್ನ ಮಗಳ ಕಚೇರಿಯಲ್ಲಿ ಘಾನಾ ದೇಶದ ಕೋಫಿ ಎಂಬ ಹುಡುಗನಿದ್ದಾನಂತೆ. ಅಲ್ಲಿಯೂ ಕಾಫಿಯ ಹೆಸರಿಡುತ್ತಾರೆಯೇ?

ತಮ್ಮ ಕುತೂಹಲ ಸಹಜವಾದದ್ದು, ಆದರೆ ಆ ಹುಡುಗನಿಗೂ ತಮ್ಮ ತೋಟಕ್ಕೂ ಸಂಬಂಧವಿಲ್ಲ. ಕಾಫಿ ಎಂಬ ಪದ ಅರಬ್ಬಿಯ ಕಹ್ವಾದಿಂದ ತುರ್ಕಿಯ ಮೂಲಕ ಯುರೋಪಿಗೆ ಹೋದದ್ದು. ಕೋಫಿ ಎಂಬುದು ಘಾನಾದ ಅಕಾನ್ ಜನರಲ್ಲಿ ಶುಕ್ರವಾರ ಹುಟ್ಟಿದ ಗಂಡುಮಗುವಿನ ಹೆಸರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ 1938ರ ಏಪ್ರಿಲ್ 8 ಶುಕ್ರವಾರವೇ ಆಗಿತ್ತು. ಶನಿವಾರದವನು ಕ್ವಾಮೆ, ಭಾನುವಾರದವನು ಕ್ವಾಸಿ, ಸೋಮವಾರದವನು ಕೋಜೊ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಅವರ ಹೆಸರಿನಲ್ಲಿ ಶನಿವಾರವಿದೆ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕುಶಾಲನಗರದಿಂದ ಕಾವೇರಿ ದಾಟಿ ಬೈಲಕುಪ್ಪೆಗೆ ಹೋದರೆ, 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ವಾರದ ಏಳು ದಿನಗಳೂ ಮನುಷ್ಯರ ಹೆಸರುಗಳಾಗಿ ಓಡಾಡುತ್ತಿರುವುದನ್ನು ಕಾಣಬಹುದು. ನ್ಯಿಮಾ ಎಂದರೆ ಸೂರ್ಯನೂ ಹೌದು, ಭಾನುವಾರವೂ ಹೌದು. ದಾವಾ ಎಂದರೆ ಚಂದ್ರ ಹಾಗೂ ಸೋಮವಾರ. ಪಾಸಾಂಗ್ ಶುಕ್ರವಾರ, ಪೆಂಬಾ ಶನಿವಾರ. ಗ್ರಹದ ಹೆಸರೇ ವಾರದ ಹೆಸರಾಗುವ ಕ್ರಮ ನಮ್ಮದರಂತೆಯೇ ಇದೆ. ಆದರೆ ಈ ಹೆಸರುಗಳನ್ನು ಗಂಡಿಗೂ ಹೆಣ್ಣಿಗೂ ಇಡುವುದರಿಂದ, ಪಾಸಾಂಗ್ ಎಂದ ಮಾತ್ರಕ್ಕೆ ಹುಡುಗನೆಂದು ತಿಳಿಯಬಾರದು. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ತೆನ್ಜಿನ್ ಎಂಬ ಹೆಸರಿಗೆ ಧರ್ಮಬೋಧೆಯನ್ನು ಎತ್ತಿಹಿಡಿದವನು ಎಂದರ್ಥ. ಅದು ಈಗಿನ ದಲೈ ಲಾಮಾ ಅವರ ಹೆಸರಿನಿಂದ ಬಂದದ್ದು.

ನಾವು ಕೊಡಗಿನವರು ವಾರಗಳ ಹೆಸರನ್ನು ಮಕ್ಕಳಿಗಿಂತ ಹೆಚ್ಚಾಗಿ ಊರುಗಳಿಗೇ ಇಟ್ಟುಬಿಟ್ಟೆವು: ಸೋಮವಾರಪೇಟೆ, ಶನಿವಾರಸಂತೆ.

ವಿರಾಜಪೇಟೆಯ ಓದುಗರು: ನಮ್ಮ ಬೀದಿಯಲ್ಲಿ ಯಾಕೂಬ್, ಚಾಕೋ, ಜೇಮ್ಸ್ ಎಂಬ ಮೂವರು ಅಂಗಡಿಯವರಿದ್ದಾರೆ. ಮೂರೂ ಒಂದೇ ಹೆಸರೆಂದು ಒಬ್ಬ ಗೆಳೆಯರು ವಾದಿಸುತ್ತಾರೆ. ಇದು ನಂಬುವ ಮಾತೇ?

ನಂಬಲೇಬೇಕಾದ ಮಾತು. ಹೀಬ್ರೂ ಭಾಷೆಯ ಯಾಕೋವ್ ಇವೆಲ್ಲದರ ತಾಯಿಬೇರು. ಅವಳಿಗಳಲ್ಲಿ ಎರಡನೆಯವನಾಗಿ ಅಣ್ಣನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟಿದನೆಂದು ಬೈಬಲಿನ ಆದಿಕಾಂಡ ಈ ಹೆಸರಿಗೆ ಕಾರಣ ಹೇಳುತ್ತದೆ, ಏಕೆಂದರೆ ಆ ಭಾಷೆಯಲ್ಲಿ ಹಿಮ್ಮಡಿಯನ್ನು ಅಕೇವ್ ಎನ್ನುತ್ತಾರೆ. ಅರಬ್ಬಿಯಲ್ಲಿ ಅದು ಯಾಕೂಬ್ ಆಯಿತು, ಕನ್ನಡ ಬೈಬಲಿನಲ್ಲಿ ಯಾಕೋಬ, ಕೇರಳದ ಸಿರಿಯನ್ ಕ್ರೈಸ್ತರ ಬಾಯಲ್ಲಿ ಚಾಕೋ. ಲ್ಯಾಟಿನ್ನಿನಲ್ಲಿ ಯಾಕೋಬುಸ್ ಆಗಿದ್ದದ್ದು ಆಡುಮಾತಿನಲ್ಲಿ ಯಾಕೋಮುಸ್ ಎಂದು ಸವೆದು, ಫ್ರಾನ್ಸನ್ನು ದಾಟಿ ಇಂಗ್ಲೆಂಡಿಗೆ ಬರುವಾಗ ಜೇಮ್ಸ್ ಆಗಿತ್ತು. ಗುರುತೇ ಸಿಗದಷ್ಟು ವೇಷ ಬದಲಾದರೂ ಆಳು ಒಬ್ಬನೇ.

ಕೊಡಗಿನ ಪೇಟೆಗಳಲ್ಲಿ ಇಂಥ ಜೋಡಿಗಳು ಹೆಜ್ಜೆಗೊಂದು ಸಿಗುತ್ತವೆ. ಯೂಸುಫ್ ಮತ್ತು ಔಸೇಪ್ ಇಬ್ಬರೂ ಜೋಸೆಫ್. ಇಬ್ರಾಹಿಂ ಎಂದರೆ ಅಬ್ರಹಾಂ, ಮೂಸಾ ಎಂದರೆ ಮೋಶೆ, ಸುಲೇಮಾನ್ ಎಂದರೆ ಸೊಲೊಮೋನ. ಕುರಾನಿನ ಯಹ್ಯಾ ಎಂಬವರು ಬೈಬಲಿನ ಸ್ನಾನಿಕ ಯೋಹಾನ. ದೇವರು ಕರುಣಿಸಿದ್ದಾನೆ ಎಂಬ ಅರ್ಥದ ಹೀಬ್ರೂ ಯೋಹಾನಾನ್ ಎಂಬ ಒಂದೇ ಹೆಸರಿನಿಂದ ಇಂಗ್ಲಿಷರ ಜಾನ್, ರಷ್ಯನ್ನರ ಇವಾನ್, ಸ್ಪೇನಿನ ಹುವಾನ್, ಐರ್ಲೆಂಡಿನ ಶಾನ್, ಜರ್ಮನಿಯ ಹಾನ್ಸ್ ಎಲ್ಲರೂ ಬಂದಿದ್ದಾರೆ. ವರ್ಗೀಸ್ ಎಂಬುದು ಸಿರಿಯಾಕ್ ಭಾಷೆಯ ಮೂಲಕ ಬಂದ ಜಾರ್ಜ್; ಗ್ರೀಕಿನಲ್ಲಿ ಅದರ ಅರ್ಥ ಭೂಮಿಯಲ್ಲಿ ದುಡಿಯುವವನು, ಅಂದರೆ ರೈತ. ಕೇರಳದಿಂದ ಬಂದು ಇಲ್ಲಿ ಕರಿಮೆಣಸು ಬೆಳೆಯುವ ವರ್ಗೀಸರಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದೆ? ಪತ್ರೋಸ್ ಎಂಬುದು ಪೀಟರ್, ಗ್ರೀಕಿನ ಬಂಡೆ. ಉತ್ತರ ಕರ್ನಾಟಕದವರು ಅವನನ್ನು ಕಲ್ಲಪ್ಪ ಎಂದು ಕರೆದಾರು.

ಇಲ್ಲಿ ಒಂದು ತಪ್ಪನ್ನು ತಿದ್ದುವ ಅವಕಾಶವನ್ನೂ ಬಳಸಿಕೊಳ್ಳುತ್ತೇನೆ. ಅಬ್ದುಲ್ ರಹಮಾನ್, ಅಬ್ದುಲ್ ಖಾದರ್ ಎಂಬ ಹೆಸರಿನವರನ್ನು ನಾವು ಸಲುಗೆಯಿಂದ ಅಬ್ದುಲ್ ಎಂದಷ್ಟೇ ಕೂಗುತ್ತೇವೆ. ಅಬ್ದ್ ಎಂದರೆ ದಾಸ. ಅಬ್ದುಲ್ ರಹಮಾನ್ ಎಂದರೆ ಕರುಣಾಮಯಿಯ ದಾಸ. ಅಬ್ದುಲ್ ಎಂದು ನಿಲ್ಲಿಸಿದರೆ ಯಾರ ದಾಸನೆಂಬುದೇ ಬಿಟ್ಟುಹೋಗುತ್ತದೆ. ಹರಿದಾಸನನ್ನು ಬರಿಯ ದಾಸ ಎಂದು ಕರೆದಂತೆ.

ಅದೇ ಊರಿನ ಇನ್ನೊಬ್ಬ ಓದುಗರು: ಯುರೋಪಿನವರ ಹೆಸರುಗಳಿಗೂ ನಮ್ಮ ರಾಜರ ಹೆಸರುಗಳಿಗೂ ಏನಾದರೂ ಸಂಬಂಧವುಂಟೆ?

ತಮ್ಮ ಊರಿನ ಹೆಸರೇ ಉತ್ತರ. ವಿರಾಜಪೇಟೆ ಎಂದರೆ ವೀರರಾಜೇಂದ್ರಪೇಟೆ. ಸಂಸ್ಕೃತದ ವೀರ ಮತ್ತು ಲ್ಯಾಟಿನ್ನಿನಲ್ಲಿ ಗಂಡಸು ಎಂಬರ್ಥದ ವಿರ್ ಒಡಹುಟ್ಟಿದ ಪದಗಳು. ರಾಜ ಮತ್ತು ಲ್ಯಾಟಿನ್ನಿನ ರೆಕ್ಸ್ ಕೂಡ ಹಾಗೆಯೇ. ಎರಿಕ್, ಫ್ರೆಡರಿಕ್ ಎಂಬ ಹೆಸರುಗಳ ಕೊನೆಯ ರಿಕ್ ಇದೇ ರಾಜನ ದೂರದ ದಾಯಾದಿ.

ಮಡಿಕೇರಿಯ ದಂಪತಿಗಳು: ಹತ್ತು ವರ್ಷಗಳ ನಂತರ ನಮಗೆ ಮಗ ಹುಟ್ಟಿದ್ದಾನೆ. ದೇವರು ಕೊಟ್ಟವನು ಎಂಬ ಅರ್ಥ ಬರಬೇಕು, ಹೆಸರು ಹೊಸದಾಗಿಯೂ ಇರಬೇಕು. ಮೊಬೈಲಿನಲ್ಲಿ ಹುಡುಕಿದಾಗ ಆರವ್ ಎಂದರೆ ಶಾಂತ, ರೇಯಾಂಶ್ ಎಂದರೆ ಸೂರ್ಯನ ಅಂಶ ಎಂದು ತೋರಿಸಿತು. ಯಾವುದು ಸರಿ?

ಮಗುವಿಗೂ ತಮಗೂ ಶುಭವಾಗಲಿ. ಮೊಬೈಲನ್ನು ಮಾತ್ರ ನಂಬಬೇಡಿರಿ. ಆರವ ಎಂಬ ಸಂಸ್ಕೃತ ಪದಕ್ಕೆ ಸದ್ದು, ಕೂಗು ಎಂದು ಅರ್ಥ; ಹಕ್ಕಿಗಳ ಕಲರವದಲ್ಲಿ ಇರುವುದೂ ಅದೇ ರವ. ರಾತ್ರಿಯೆಲ್ಲ ಅಳುವ ಕೂಸಿಗೆ ಅನ್ವರ್ಥನಾಮವಾದೀತೇ ಹೊರತು, ಶಾಂತಿಗೂ ಅದಕ್ಕೂ ದೂರ. ಇನ್ನು ರವಿಗೆ ಅಂಶ ಸೇರಿದರೆ ಯಣ್ ಸಂಧಿಯಾಗಿ ರವ್ಯಂಶ ಆಗಬೇಕೆಂಬುದನ್ನು ಶಾಲೆಯಲ್ಲಿ ವ್ಯಾಕರಣ ಓದಿದ ಯಾರಾದರೂ ಹೇಳಿಯಾರು. ರೇಯಾಂಶ್ ಕಿವಿಗೆ ಇಂಪಾಗಿರಬಹುದು, ಇಂಪಿಗಾಗಿಯೇ ಇಡುವುದಾದರೆ ನನ್ನ ಆಕ್ಷೇಪವೂ ಇಲ್ಲ; ಇಲ್ಲದ ಅರ್ಥವನ್ನು ಅದಕ್ಕೆ ಹೊರಿಸಬಾರದೆಂಬುದಷ್ಟೇ ನನ್ನ ಮಾತು. ಹೆಸರಿಡುವ ಮೊದಲು ಅದು ಯಾವ ಭಾಷೆಯದೆಂದು ಕೇಳಿ, ಆ ಭಾಷೆಯ ನಿಘಂಟನ್ನು ತೆರೆದು ನೋಡಿದರೆ ಇಂಥ ಎಡವಟ್ಟುಗಳಲ್ಲಿ ಹೆಚ್ಚಿನವು ತಪ್ಪುತ್ತವೆ.

ದೇವರು ಕೊಟ್ಟವನು ಎಂಬ ಹೆಸರು ಇಲ್ಲದ ನಾಡೇ ವಿರಳ. ನಮ್ಮ ದೇವದತ್ತ, ಗ್ರೀಕರ ಥಿಯೊಡೋರ್, ಅದೇ ರಷ್ಯದಲ್ಲಿ ಫ್ಯೋದರ್, ಹೀಬ್ರೂವಿನ ನತಾನಿಯೇಲ್, ಅರಬ್ಬಿಯ ಅತಾವುಲ್ಲಾ, ಪಾರಸಿಯ ಖುದಾದಾದ್, ಫ್ರೆಂಚಿನ ದ್ಯುದೊನೆ ಎಲ್ಲವೂ ಅದನ್ನೇ ಹೇಳುತ್ತವೆ. ನನಗೆ ಬಹಳ ಇಷ್ಟವಾದದ್ದು ಪೋಲೆಂಡ್, ರುಮೇನಿಯಾ, ಸರ್ಬಿಯಾಗಳ ಬೊಗ್ದಾನ್. ಅದರಲ್ಲಿ ಬೊಗ್ ಎಂದರೆ ದೇವರು. ಅದು ನಮ್ಮ ಭಗವಂತನಲ್ಲಿರುವ ಭಗ ಎಂಬ ಪದದ ಬಳಗಕ್ಕೆ ಸೇರಿದ್ದು. ದಾನ್ ಎಂದರೆ ಕೊಟ್ಟದ್ದು. ದತ್ತ, ದಾನಗಳ ಮೂಲವೇ ಅದಕ್ಕೂ ಮೂಲ. ಬೊಗ್ದಾನನನ್ನು ಭಗದತ್ತ ಎಂದು ತಿರುಗಿಸಿದರೆ, ಕುರುಕ್ಷೇತ್ರಕ್ಕೆ ಆನೆಯೇರಿ ಬಂದ ಪ್ರಾಗ್ಜ್ಯೋತಿಷದ ಅರಸನ ಹೆಸರೇ ಸಿಗುತ್ತದೆ! ತಮಗೆ ದತ್ತ ಎಂಬ ಎರಡಕ್ಷರವೇ ಸಾಕೆಂದು ತೋರುತ್ತದೆ.

ಅವಸರವೇನೂ ಬೇಡ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ಹದಿನೈದು ವರ್ಷದವರೆಗೂ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ.

ಕುಶಾಲನಗರದ ಓದುಗರು: ನನ್ನ ಅಜ್ಜನ ಹೆಸರು ತಿಪ್ಪಯ್ಯ. ಶಾಲೆಯಲ್ಲಿ ಅದನ್ನು ಹೇಳಲು ನಾಚುತ್ತಿದ್ದೆ. ಇಂಥ ಹೆಸರನ್ನು ಹೆತ್ತವರು ಏಕೆ ಇಡುತ್ತಿದ್ದರು?

ನಾಚಬೇಡಿರಿ, ಆ ಹೆಸರಿನ ಹಿಂದೆ ಬಹುಶಃ ಒಬ್ಬ ತಾಯಿಯ ಕಣ್ಣೀರಿದೆ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಹೋದಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಯಿಂದ ಎತ್ತಿಸಿಕೊಂಡು ತರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಕಸವೆಂದು ಬಗೆದು ಸಾವು ಇದನ್ನು ಮುಟ್ಟದಿರಲಿ ಎಂಬುದೇ ಅದರ ಉದ್ದೇಶ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರೂ ಇದಾಗಿರಬಹುದು; ಮನೆಯ ಹಿರಿಯರನ್ನು ಕೇಳಿದರೆ ಯಾವುದೆಂದು ತಿಳಿದೀತು.

ಮಂಗೋಲಿಯದಲ್ಲಿ ಇದೇ ಭಯದಿಂದ ಮಕ್ಕಳಿಗೆ ನೆರ್ಗುಯ್, ಎಂದರೆ ಹೆಸರಿಲ್ಲದವನು, ಎನೆಬಿಶ್, ಎಂದರೆ ಇವನಲ್ಲ, ಖುನ್‌ಬಿಶ್, ಎಂದರೆ ಮನುಷ್ಯನೇ ಅಲ್ಲ, ಎಂದು ಹೆಸರಿಡುತ್ತಾರೆ. ಕೇಡು ಹುಡುಕಿಕೊಂಡು ಬಾಗಿಲಿಗೆ ಬಂದರೆ, ಇವನಲ್ಲವೆಂದು ಹೆಸರೇ ಹೇಳಿ ಕಳುಹಿಸುತ್ತದೆ. ಪೂರ್ವ ಯುರೋಪಿನ ಯೆಹೂದಿಗಳು ಎಳೆಗೂಸನ್ನು ಆಲ್ಟರ್, ಅಂದರೆ ಮುದುಕ, ಎಂದು ಕರೆದರು. ಮರಾಠಿಗರ ಧೋಂಡು ಎಂದರೆ ಕಲ್ಲು. ಸಾವಿಗೆ ಮೋಸ ಮಾಡುವ ವಿಷಯದಲ್ಲಿ ತಮ್ಮ ಮುತ್ತಜ್ಜಿಗೆ ಲೋಕದ ತುಂಬ ಜೊತೆಗಾರ್ತಿಯರಿದ್ದರು.

ನಾಪೋಕ್ಲುವಿನ ಓದುಗರು: ಒಕ್ಕದ, ಅಂದರೆ ಕೊಡವ ಮನೆತನದ, ಹೆಸರನ್ನು ಮೊದಲು ಬರೆಯುವ ನಮ್ಮ ಕ್ರಮದಿಂದ ಅರ್ಜಿಗಳಲ್ಲಿ ಬಹಳ ತೊಂದರೆಯಾಗುತ್ತಿದೆ. ನಾವೇ ತಪ್ಪೋ?

ತಪ್ಪು ತಮ್ಮದಲ್ಲ, ಅರ್ಜಿಯ ಕಾಲಂಗಳದ್ದು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಮೊದಲು ಒಕ್ಕ, ಆಮೇಲೆ ತಂದೆ, ಕೊನೆಗೆ ಆತ. ಚೀನಾ, ಜಪಾನ್, ಕೊರಿಯಾ, ವಿಯೆಟ್ನಾಂಗಳಲ್ಲಿಯೂ, ಯುರೋಪಿನ ನಡುವೆಯೇ ಇರುವ ಹಂಗೇರಿಯಲ್ಲಿಯೂ ಮನೆತನದ ಹೆಸರೇ ಮುಂದೆ ಬರುತ್ತದೆ. ಐಸ್‌ಲ್ಯಾಂಡಿನ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಯೋನನ ಮಗ ಯೋನ್ಸನ್, ಅಷ್ಟೇ. ಕೊಡಗಿನ ಹುಡುಗಿಯರು ಹೊರಗೆ ಹೋದಾಗ ತಂದೆಯ ಹೆಸರೇ ಅವರ ಮನೆತನದ ಹೆಸರಾಗಿ ನಿಂತುಬಿಡುತ್ತದೆ. ರಶ್ಮಿಕಾ ಅವರಿಂದಾಗಿ ಮಂದಣ್ಣ ಎಂಬ ಅಪ್ಪಟ ಗಂಡು ಹೆಸರು ಇಂದು ದೇಶಕ್ಕೆಲ್ಲ ಪರಿಚಿತವಾಗಿದೆ.

ನನ್ನದೂ ಅದೇ ಪಾಡು. ಒಂದು ಕಚೇರಿಯವರು ಹೆಸರಿನ ಜಾಗದಲ್ಲಿ ನನ್ನ ಒಕ್ಕದ ಹೆಸರನ್ನು ತುಂಬಿಸಿಕೊಂಡು, ಇಂದಿಗೂ ಹಾಗೆಯೇ ಪತ್ರ ಬರೆಯುತ್ತಾರೆ. ಉತ್ತರ ಕೊಡಬೇಕಾದರೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರನ್ನೂ ಸೇರಿಸಬೇಕಾದೀತು. ಒಕ್ಕದ ಹೆಸರನ್ನು ಮನೆತನದ ಕಾಲಂನಲ್ಲಿಯೂ ಸ್ವಂತ ಹೆಸರನ್ನು ಅದರ ಕಾಲಂನಲ್ಲಿಯೂ ಬರೆದು, ಜನನ ಪ್ರಮಾಣಪತ್ರ, ಶಾಲೆ, ಆಧಾರ್, ಪಾಸ್‌ಪೋರ್ಟ್ ನಾಲ್ಕರಲ್ಲಿಯೂ ಕಾಗುಣಿತ ಬದಲಾಗದಂತೆ ನೋಡಿಕೊಳ್ಳಿರಿ. ಇನಿಷಿಯಲ್‌ಗಳನ್ನು ಎಲ್ಲಿಯೂ ಬಿಡಿಸದೆ ಬಿಡಬೇಡಿರಿ.