ಹಳೆ ಪ್ರಿಯಸ್‌ಗೆ ಪ್ಲೇಟ್ ಸಿಗುತ್ತಾ?

ಇಂಗ್ಲೆಂಡಿನಲ್ಲಿ ಎಂಟು ವರ್ಷದ ಟೊಯೊಟಾ ಪ್ರಿಯಸ್ ಕಾರು ಕೊಂಡು ಪ್ರೈವೇಟ್ ಹೈರ್ (ಮೊದಲೇ ಬುಕ್ ಮಾಡಿದವರಿಗೆ ಬಾಡಿಗೆ ಓಡಿಸುವುದು) ಮಾಡಬಹುದಾ ಅಂತ ಕೇಳಿದ್ದೀರಿ. ಸರ್, ಪ್ಲೇಟ್ (ಬಾಡಿಗೆ ಗಾಡಿಯ ಲೈಸೆನ್ಸ್) ಕೊಡುವ ನಿಮ್ಮ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ನಿಯಮ ಓದುವ ತನಕ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ.

ಗಾಡಿಯ ವಯಸ್ಸಿಗೆ ದೇಶಕ್ಕೆಲ್ಲ ಒಂದೇ ಮಿತಿ ಇಲ್ಲ. ಲಂಡನ್, ಪ್ಲಿಮತ್ ಬಿಟ್ಟರೆ, 1976ರ ಸ್ಥಳೀಯ ಸರ್ಕಾರ ಕಾಯ್ದೆ ಪ್ರಕಾರ ಆಯಾ ಕೌನ್ಸಿಲ್ಲೇ ತೀರ್ಮಾನಿಸುತ್ತದೆ. ಎಷ್ಟೋ ಕಡೆ ಮೊದಲ ಸಲದ ಪ್ಲೇಟ್‌ಗೆ ಒಂದು ಮಿತಿ, ರಿನ್ಯೂವಲ್‌ಗೆ ಇನ್ನೊಂದು. ಹಾಗಾಗಿ ಮಾರುವವರು "ಈಗಲೂ ಟ್ಯಾಕ್ಸಿಯಾಗೇ ಓಡ್ತಿದೆ" ಅಂದರೆ ಸುಮ್ನೆ ನಂಬಬೇಡಿ. ಬೇರೆ ಕೌನ್ಸಿಲ್‌ನಲ್ಲಿ ನಿಮ್ಮದು ಹೊಸ ಅರ್ಜಿ. ಲಾಗ್‌ಬುಕ್‌ನಲ್ಲಿ (ಗಾಡಿಯ ನೋಂದಣಿ ಪತ್ರ) ಮೊದಲ ನೋಂದಣಿಯ ತಾರೀಕು ನೋಡಿ, ನೀವು ಕೊಂಡ ದಿನ ಲೆಕ್ಕಕ್ಕಿಲ್ಲ.

ವರ್ಷಕ್ಕೆ ಮೂರು ಸಲದವರೆಗೂ ಗಾಡಿ ಪರೀಕ್ಷೆಗೆ ಕರೆಯುವ ಅಧಿಕಾರ ಕೌನ್ಸಿಲ್‌ಗಿದೆ. ಆ ಖರ್ಚನ್ನೂ ಸೇರಿಸಿಕೊಳ್ಳಿ.

ಬರೀ ವಯಸ್ಸಿನ ಕಾರಣಕ್ಕೆ ಬೇಡ ಅಂದರೆ ಕೈಚೆಲ್ಲಬೇಡಿ. ವಯಸ್ಸಿನ ಮಿತಿಯೇ ಬೇಡ, ಹೊಗೆ, ಸುರಕ್ಷತೆ ನೋಡಿ ಅಂತ ಸಾರಿಗೆ ಇಲಾಖೆಯ 2023ರ ಮಾರ್ಗಸೂಚಿ ಹೇಳುತ್ತದೆ. ಅದು ಕಾನೂನಲ್ಲ, ಆದರೆ ಅರ್ಜಿಯಲ್ಲಿ ಎತ್ತಿ ಹೇಳಿ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿಗೆ 21 ದಿನ ಇರುತ್ತದೆ.

ಇನ್ನೊಂದು ವಿಷಯ. ಪ್ಲೇಟ್ ಬಿದ್ದ ಮೇಲೆ ಪ್ರೈವೇಟ್ ಹೈರ್ ಚಾಲಕರ ಲೈಸೆನ್ಸ್ ಇಲ್ಲದ ಮನೆಯವರು ಅಂಗಡಿಗೆ ಹೋಗಲೂ ಆ ಗಾಡಿ ಓಡಿಸುವಂತಿಲ್ಲ. ಮನೆಗೆ ಅದೊಂದೇ ಕಾರಾದರೆ ಮೊದಲೇ ಯೋಚಿಸಿ.