ಸೊಸೆ ಹೇಳಿದ್ದು ಉದಾಸ, ಮನೆಯವರು ಕೇಳಿದ್ದು ಉದಾಸೀನ

ಬೈಲಹೊಂಗಲ ಭಾಗದ ಒಕ್ಕಲುತನದ ಮನೆಯೊಂದರ ಸೊಸೆಯನ್ನು ಆಕೆಯ ಗಂಡ ಮತ್ತು ಅತ್ತೆ ಬೆಳಗಾವಿಗೆ, ನನ್ನ ಬಳಿಗೆ ಕರೆತಂದದ್ದು ಆಕೆಯ ನಡತೆಯ ಮೇಲಿನ ದೂರಿನೊಂದಿಗೆ. (ಬರೆಯಲು ಮೂವರ ಒಪ್ಪಿಗೆಯಿದೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) "ಏನ್ ಕೇಳಿದ್ರೂ ಉದಾಸ, ಉದಾಸ ಅಂತಾಳ್ರಿ ಮೇಡಂ. ಮನಿ ಕೆಲಸಾನೂ ಉದಾಸೀನ, ಬಂದ ಬೀಗರೂ ಉದಾಸೀನ. ಹಿಂಗಾದ್ರ ಸಂಸಾರ ಹೆಂಗ ನಡೀಬೇಕ್ರಿ?" ಎಂದರು ಅತ್ತೆ.

ಆಕೆಯ ತವರು ನಿಪ್ಪಾಣಿ ಕಡೆಯದು, ಮನೆಮಾತು ಮರಾಠಿ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿಯೇ ಕನ್ನಡ ಕಲಿತವಳಾದ್ದರಿಂದ, ದಿನದ ವ್ಯವಹಾರಕ್ಕೆ ಸಾಲುವ ಮಾತು ಆಕೆಗಿತ್ತು. ಮನಸ್ಸಿನ ಒಳಗಿನದನ್ನು ಹೇಳುವಾಗ ಮಾತ್ರ ತವರಿನ ಪದವೇ ಬಾಯಿಗೆ ಬರುತ್ತಿತ್ತು. ಮರಾಠಿಯಲ್ಲಿ 'ಉದಾಸ' ಎಂದರೆ ದುಃಖ, ಮಂಕು ಕವಿದ ಮನಸ್ಸು. ಕನ್ನಡದ ಕಿವಿಗೆ ಅದು 'ಉದಾಸೀನ'ವಾಗಿ, ಅಂದರೆ ಅಸಡ್ಡೆಯಾಗಿ ಕೇಳಿಸುತ್ತದೆ. ತನಗೆ ದುಃಖವಾಗಿದೆ ಎಂದು ಆಕೆ ಹೇಳಿದಾಗಲೆಲ್ಲ, ತಮ್ಮನ್ನು ಲೆಕ್ಕಿಸುವುದಿಲ್ಲ ಎಂದು ಹೇಳುತ್ತಿದ್ದಾಳೆಂದೇ ಆ ಮನೆ ತಿಳಿದುಕೊಂಡಿತ್ತು.

ಎರಡೂ ಒಂದೇ ಮೂಲದ ಪದಗಳು. ಸಂಸ್ಕೃತದ 'ಉದ್' ಎಂಬ ಉಪಸರ್ಗಕ್ಕೆ 'ಕುಳಿತುಕೊಳ್ಳು' ಎಂಬರ್ಥದ 'ಆಸ್' ಧಾತು ಸೇರಿ ಆದದ್ದು. 'ಆಸನ'ವೂ ಅದೇ ಧಾತುವಿನದು. ದೂರ ಸರಿದು ಕುಳಿತವನು ಉದಾಸೀನ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಇದು ಭಕ್ತನಿಗೆ ಇರಬೇಕಾದ ಗುಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಜಗಳದಿಂದ ಹೊರಗುಳಿದ ಬಲಿಷ್ಠ ಅರಸನ ಹೆಸರು. ಹಾಗೆ ದೂರ ಕುಳಿತವನ ಮುಖದಲ್ಲಿ ಮರಾಠಿ, ಹಿಂದಿಗಳು ದುಃಖವನ್ನು ಕಂಡವು, ಕನ್ನಡ ಅಲಕ್ಷ್ಯವನ್ನು ಕಂಡಿತು. ನಮ್ಮ ಕರಾವಳಿಯವರಂತೂ ಸೋಮಾರಿತನಕ್ಕೂ ಇದೇ ಪದ ಬಳಸುತ್ತಾರೆ. ಆ ಅತ್ತೆ ಅಲ್ಲಿಯವರಾಗಿದ್ದರೆ ದೂರು ಇನ್ನೊಂದು ಬಗೆಯದಾಗುತ್ತಿತ್ತೇನೋ.

ಅವರನ್ನು ಹೊರಗೆ ಕೂರಿಸಿ ಸೊಸೆಯೊಡನೆ ಮಾತನಾಡಿದೆ. ಮೂರು ತಿಂಗಳಿಂದ ನಸುಕಿಗೆ ಮುಂಚೆಯೇ ಎಚ್ಚರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ರವಿಕೆಗಳೆಲ್ಲ ಸಡಿಲವಾಗಿದ್ದವು. ರೊಟ್ಟಿಗೆ ಹಿಟ್ಟು ನಾದಿಟ್ಟು, ಹಂಚು ಕಾದು ಹೊಗೆ ಏಳುವವರೆಗೂ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದ ದಿನವೊಂದನ್ನು ಆಕೆಯೇ ವಿವರಿಸಿದಳು. ಅತ್ತೆಯ ದೂರಿನಲ್ಲಿ ಬಂದಿದ್ದ 'ಕೆಲಸದ ಉದಾಸೀನ' ಅದೇ. ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಬೆಳಗಾಗದಿದ್ದರೆ ಸಾಕು ಎಂದು ಒಂದೆರಡು ಸಲ ಅನಿಸಿದೆ, ಮುಂದಿನದೇನನ್ನೂ ಯೋಚಿಸಿಲ್ಲ ಎಂದಳು.

ಮಂಕು ಅಥವಾ ನಿರಾಸಕ್ತಿ ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇದ್ದು, ಜೊತೆಗೆ ನಿದ್ದೆ, ಹಸಿವು, ಶಕ್ತಿ ಕುಂದಿದ್ದರೆ ಅದನ್ನು ಖಿನ್ನತೆ ಎಂದು ಪರಿಗಣಿಸುತ್ತಾರೆ. ಆದ್ದರಿಂದ ಮೊದಲು ಮನೋವೈದ್ಯರ ಬಳಿಗೆ ಕಳುಹಿಸಿದೆ. ಥೈರಾಯ್ಡ್ ಮತ್ತು ರಕ್ತಹೀನತೆಯ ತಪಾಸಣೆಯನ್ನೂ ಮಾಡಿಸಲು ಹೇಳಿದೆ, ಏಕೆಂದರೆ ಅವುಗಳಿಂದಲೂ ಇಂಥದೇ ಆಯಾಸ ಬರುತ್ತದೆ. ಗಂಡನಿಗೆ ಕೊಟ್ಟ ಸೂಚನೆಯಲ್ಲಿ ನಾನು ಬಹಳ ಒತ್ತಿ ಹೇಳಿದ್ದು ಬೆಳೆಗೆ ಹೊಡೆಯುವ ಔಷಧದ ಬಗ್ಗೆ: ಅದು ಪಡಸಾಲೆಯ ಮೂಲೆಯಲ್ಲಿ ಇರಬಾರದು, ಮನೆಯಿಂದ ಹೊರಗೆ ಬೀಗದೊಳಗಿರಬೇಕು, ಕೀಲಿ ಅವನ ಬಳಿಯೇ ಇರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಸಂಕಟವಾದರೆ 14416ಕ್ಕೆ ಕರೆ ಮಾಡಲು ತಿಳಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು.

ಪದದ ವಿಷಯವನ್ನು ಮೂವರನ್ನೂ ಕೂರಿಸಿಕೊಂಡೇ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಮ್ಮ ಮಾತಿನ್ಯಾಗ ಏನಂತ ಹೇಳ್ಬೇಕಿತ್ರಿ ಈಕಿ?" ಎಂದು ಕೇಳಿದರು, ನನ್ನ ಎಣಿಕೆಯಲ್ಲಿ ಅಂದಿನ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಸೊಸೆಯಿಂದಲೇ ಬರಲಿ ಎಂದು ಕಾದೆ. "ಯಾವುದಕ್ಕೂ ಮನಸ್ ಹತ್ತವಲ್ದ್ರಿ ಅತ್ತಿ" ಎಂದಳು. ಒಂದೇ ಪದದಲ್ಲಿ ಮುಗಿಸದೆ ನಿದ್ದೆ ಎಷ್ಟಾಯಿತು, ಏನು ಉಂಡೆ, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂದು ದಿನವೂ ಗಂಡನಿಗೆ ಹೇಳುವಂತೆ ಆಕೆಗೆ ಸೂಚಿಸಿದೆ. ಬೆಳಗಿನ ರೊಟ್ಟಿಯ ಕೆಲಸವನ್ನು ಕೆಲವು ವಾರ ಅತ್ತೆಯ ಜೊತೆಗೂಡಿ ಮಾಡಬೇಕು, ತವರಿನವರೊಡನೆ ಮರಾಠಿಯಲ್ಲಿ ಮಾತನಾಡುವುದನ್ನು ಯಾರೂ ತಡೆಯಬಾರದು ಎಂದೂ ಹೇಳಿದೆ.

ಮಾತು ಸರಿಹೋದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ. ಮಾತ್ರೆಯ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ ಎಂದು ಮೊದಲೇ ತಿಳಿಸಿದ್ದರಿಂದ ಅವರು ನಡುವೆ ಬಿಡಲಿಲ್ಲ. ಎರಡನೆಯ ತಿಂಗಳಲ್ಲಿ ನಿದ್ದೆ, ಊಟ ಸುಧಾರಿಸಿದವು. ಆಗ ಗಂಡ, ಇನ್ನು ಮಾತ್ರೆ ನಿಲ್ಲಿಸಬಹುದಲ್ಲ ಎಂದ. ಪೂರ್ತಿ ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವುದಿದ್ದರೆ ಮನೋವೈದ್ಯರೇ ಹಂತಹಂತವಾಗಿ ನಿಲ್ಲಿಸಬೇಕು ಎಂದು ತಿಳಿಸಿ, ಮುಂದಿನ ಭೇಟಿಗೆ ಅತ್ತೆಯನ್ನೂ ಕರೆತರಲು ಹೇಳಿದ್ದೇನೆ.