ಬಲಭುಜ ಎತ್ತರ ಇದೆಯಲ್ಲ ಅಕ್ಕ!

ಪ್ರಶ್ನೆ: ಮಗಳಿಗೆ 12 ವರ್ಷ, ಇನ್ನೂ ದೊಡ್ಡವಳಾಗಿಲ್ಲ. ಹಬ್ಬಕ್ಕೆ ಲಂಗ-ರವಿಕೆ ಹೊಲಿಸಲು ಹೋದಾಗ ಅಳತೆ ತೆಗೆಯುತ್ತಿದ್ದ ಟೈಲರ್, ‘ಬಲಭುಜ ಎತ್ತರ ಇದೆಯಲ್ಲ ಅಕ್ಕ’ ಎಂದರು. ಅತ್ತೆಯವರು ಸ್ಕೂಲ್ ಬ್ಯಾಗಿನ ಭಾರದಿಂದ ಎನ್ನುತ್ತಾರೆ. ನಮ್ಮವರು ‘ನೆಟ್ಟಗೆ ನಿಲ್ಲು’ ಎಂದು ಗದರುತ್ತಲೇ ಇರುತ್ತಾರೆ. ಮನೆಯಲ್ಲೇ ಅಳೆದು ನೋಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಟೈಲರ್ ಒಳ್ಳೆಯ ಉಪಕಾರ ಮಾಡಿದ್ದಾರೆ. ನನ್ನಲ್ಲಿಗೆ ಬರುವ ಎಷ್ಟೋ ಹುಡುಗಿಯರ ಬೆನ್ನಿನ ಡೊಂಕನ್ನು ಮೊದಲು ಕಂಡವರು ರವಿಕೆ ಹೊಲಿಯುವವರೇ.

ಆದರೆ ಭುಜಕ್ಕೆ ಟೇಪು ಹಿಡಿಯುತ್ತಾ ಕೂರಬೇಡಿ. ಮುಖವಾಗಲಿ, ಭುಜವಾಗಲಿ, ಎಡ-ಬಲ ಒಂದೇ ಸಮ ಇರುವವರು ಅಪರೂಪ. ನೋಡಬೇಕಾದ್ದು ಬೆನ್ನು. ಮಗಳು ಬರಿಗಾಲಲ್ಲಿ ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈಗಳನ್ನು ಕೂಡಿಸಿ ಇಳಿಬಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಲಿ. ಬೆನ್ನ ಮೇಲೆ ಬಟ್ಟೆ ಬೇಡ. ನೀವು ಹಿಂದೆ ಕುಳಿತು, ಕಣ್ಣನ್ನು ಅವಳ ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಒಂದು ಬದಿ ಇನ್ನೊಂದಕ್ಕಿಂತ ಉಬ್ಬಿದೆಯೇ? ಬೆನ್ನೆಲುಬು ಪಕ್ಕಕ್ಕೆ ಬಾಗುವಾಗ ತಿರುಚಿಕೊಳ್ಳುತ್ತದೆ, ಪಕ್ಕೆಲುಬುಗಳನ್ನೂ ತಿರುಗಿಸುತ್ತದೆ. ಆ ಉಬ್ಬು ಅದರದು. ಬ್ರಿಟಿಷ್ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ಪರೀಕ್ಷೆಯನ್ನೇ ನಾನು ಇಂದಿಗೂ ಮೊದಲು ಮಾಡುವುದು. ನಿಂತು ಬಾಗಿದಾಗ ಕಂಡ ಉಬ್ಬು ಕುಳಿತು ಬಾಗಿದಾಗ ಮಾಯವಾದರೆ, ಒಂದು ಕಾಲು ತುಸು ಗಿಡ್ಡವಿರಬಹುದು.

ಉಬ್ಬು ಉಳಿದರೆ ಮೂಳೆ ವೈದ್ಯರಿಗೆ ತೋರಿಸಿ. ಮೇಸ್ತ್ರಿಯ ರಸಮಟ್ಟದಂಥ ಸ್ಕೋಲಿಯೋಮೀಟರನ್ನು ಬೆನ್ನಿಗೆ ಅಡ್ಡ ಇಟ್ಟು ಓರೆ ಎಷ್ಟೆಂದು ನೋಡುತ್ತಾರೆ. 5ರಿಂದ 7 ಡಿಗ್ರಿ ಅಥವಾ ಹೆಚ್ಚು ಬಂದರೆ ನಿಲ್ಲಿಸಿ ಎಕ್ಸ್‌ರೇ. ಅದರ ಮೇಲೆ ಗೆರೆ ಎಳೆದು ಅಳೆಯುವ ‘ಕಾಬ್ ಕೋನ’ 10 ಡಿಗ್ರಿ ಮುಟ್ಟಿದರೆ ಅದು ಸ್ಕೋಲಿಯೋಸಿಸ್, ಅಂದರೆ ಬೆನ್ನೆಲುಬಿನ ಪಕ್ಕಬಾಗು. ಹೆದರಬೇಡಿ. ಸಣ್ಣ ಬಾಗುಗಳಲ್ಲಿ ಹೆಚ್ಚಿನವು ಬರೀ ನಿಗಾದಲ್ಲೇ ಮುಗಿಯುತ್ತವೆ. ಬೆಳೆಯುವ ಮಕ್ಕಳಲ್ಲಿ ಈ ಕೋನ 25 ಡಿಗ್ರಿ ದಾಟಿದರೆ ಬೆಲ್ಟಿನಂಥ ಬ್ರೇಸ್ ಹಾಕುತ್ತೇವೆ; ಬಾಗು ಹೆಚ್ಚದಂತೆ ಅದು ತಡೆಯುತ್ತದೆ.

ನಿಮ್ಮ ಮಗಳು ಇನ್ನೂ ದೊಡ್ಡವಳಾಗಿಲ್ಲ ಎಂದಿರಿ. ಅಂದರೆ ಎತ್ತರ ಬೆಳೆಯುವುದು ಬಹಳ ಬಾಕಿಯಿದೆ. ಬಾಗು ಹೆಚ್ಚುವುದೂ ಆಗಲೇ. ಹಾಗಾಗಿ ಹಬ್ಬ ಮುಗಿಯಲಿ ಎಂದು ಕಾಯದೆ ಈ ವಾರವೇ ನೋಡಿ.

ಬ್ಯಾಗಿನ ಭಾರಕ್ಕೆ ಬೆನ್ನು ನೋಯಬಹುದು, ಸ್ಕೋಲಿಯೋಸಿಸ್ ಬರುವುದಿಲ್ಲ, ಅತ್ತೆಯವರಿಗೆ ಹೇಳಿ. ಯಜಮಾನರಿಗೂ ಹೇಳಿ: ನೆಟ್ಟಗೆ ನಿಲ್ಲದಿರುವುದು ಅವಳ ಸೋಮಾರಿತನವಲ್ಲ, ಗದರುವುದನ್ನು ಇವತ್ತೇ ಬಿಡಲಿ. ಎಕ್ಸ್‌ರೇ ತೆಗೆಸಿದರೆ ಫಿಲ್ಮನ್ನು ಜೋಪಾನವಾಗಿಡಿ. ಮುಂದಿನ ಸಲ ಬಾಗು ಹೆಚ್ಚಿದೆಯೇ ಎಂದು ತಿಳಿಯಲು ಹಳೆಯದು ಬೇಕು.